ಉಜ್ಜಿ ತೊಳೆದ ರೇಜರುಗಳು

ಬೀದಿಯವರೆಲ್ಲ ಅವರನ್ನು ರೇಜರ್ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳಿದವರೇನಲ್ಲ, ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕಿ ಫ್ರೇಮಿಗೆ ಕೂರಿಸುತ್ತಾ ಆಯಸ್ಸು ಸವೆಸಿದವರು. ಹಳೇ ರೇಜರುಗಳ ಹುಚ್ಚು ಯಾವಾಗ ಹಿಡಿಯಿತೋ ಅವರಿಗೇ ನೆನಪಿರಲಿಲ್ಲ. ಗುಜರಿಯವನ ಗೋಣಿಚೀಲದಿಂದ, ಬಾಗಿಲು ಮುಚ್ಚಿದ ಕ್ಷೌರದಂಗಡಿಯ ಡ್ರಾಯರಿನಿಂದ, ತೀರಿಹೋದವರ ಟ್ರಂಕಿನಿಂದ ಒಂದೊಂದಾಗಿ ಬಂದು ನಡುಮನೆಯ ಗಾಜಿನ ಬೀರುವನ್ನು ತುಂಬಿದ್ದವು. ಹಿಡಿ ತಿರುಗಿಸಿದರೆ ಮೇಲಿನ ಎರಡು ರೆಕ್ಕೆ ತೆರೆದುಕೊಳ್ಳುವಂಥವು, ಮೂರು ತುಂಡಾಗಿ ಕಳಚುವಂಥವು, ಚಿನ್ನದ ನೀರು ಕೊಟ್ಟಂಥವು.

"ಇರೋದೊಂದು ಮುಖ, ಅದಕ್ಕೆ ಇಷ್ಟೊಂದಾ?" ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು. ಆದರೆ ಬೀರುವಿನ ಗಾಜು ಒರೆಸುತ್ತಿದ್ದಳೇ ಹೊರತು ಒಳಗೆ ಕೈಹಾಕಿದವಳಲ್ಲ. ಉಜ್ಜಿದರೆ ಮೇಲಿನ ಲೇಪ ಹೋಗುತ್ತದೆ, ಲೇಪ ಹೋದರೆ ಬೆಲೆಯೂ ಹೋಯಿತು ಎಂದು ಗಂಡ ಹೊಸದರಲ್ಲೇ ತಿಳಿಸಿದ್ದರು.

ಕೆಲಸ ಬಿಟ್ಟ ಮೇಲೆ ಜನ ಬೆಲೆ ಕೇಳಲು ಮನೆಗೇ ಬರತೊಡಗಿದರು. ಮೇಷ್ಟ್ರು ಭೂತಗನ್ನಡಿ ಹಿಡಿದು ತಿರುಪು ಸವೆದಿದೆಯೇ, ಬ್ಲೇಡಿನಡಿಯ ಹಲ್ಲು ಬಾಗಿದೆಯೇ, ಡಬ್ಬಿ ಅದರದ್ದೇ ಹೌದೇ ಎಂದು ನೋಡಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ತಾತನ ರೇಜರಿನಿಂದ ಮನೆ ಕಟ್ಟಿಸುವ ಆಸೆ ಹೊತ್ತು ಬಂದವರು ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದರು.

ಹೆಂಡತಿಗೆ ಮರೆವು ಶುರುವಾದದ್ದು ಆ ದಿನಗಳಲ್ಲೇ. ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ಪಕ್ಕದ ಬೀದಿಯಲ್ಲಿದ್ದ ಮಗಳ ಮನೆಯ ದಾರಿಯನ್ನು. ಇದು ವಾಸಿಯಾಗುವಂಥದ್ದಲ್ಲ ಎಂದರು ಡಾಕ್ಟರು. ಬೀರುವಿಗೆ ಬೀಗ ಹಾಕಿಸಿಬಿಡು ಎಂದು ಮಗಳು ಹೇಳಿದಾಗ ಮೇಷ್ಟ್ರು ನಕ್ಕುಬಿಟ್ಟರು. ಬೇರೇನು ಮರೆತರೂ ಬೀರುವಿನೊಳಗೆ ಕೈಹಾಕಬಾರದೆಂಬುದನ್ನು ಅವಳು ಮರೆಯುವುದಿಲ್ಲ ಎಂದು ಅವರು ನಂಬಿದ್ದರು.

ಒಂದು ಮಧ್ಯಾಹ್ನ ಯಾರದೋ ಮನೆಗೆ ರೇಜರು ನೋಡಲು ಹೋಗಿ ಬಂದರೆ, ಹಿತ್ತಿಲಲ್ಲಿ ಹಾಸಿದ ಟವೆಲ್ಲಿನ ಮೇಲೆ ಬೀರುವಿನ ರೇಜರುಗಳೆಲ್ಲ ಬಿಸಿಲಿಗೆ ಒಣಗುತ್ತಿದ್ದವು. ಪಕ್ಕದಲ್ಲಿ ಬಕೆಟ್ಟು, ಪಾತ್ರೆ ತಿಕ್ಕುವ ತಂತಿಜುಂಗು, ಬಚ್ಚಲಿಗೆ ಹಾಕುವ ಆ್ಯಸಿಡ್ಡಿನ ಖಾಲಿ ಬಾಟಲಿ. ಚಿನ್ನದ ನೀರು ಹೋಗಿ ಹಿತ್ತಾಳೆ ಬಿಳಿಚಿಕೊಂಡಿತ್ತು. ಕೆಲವು ರೇಜರುಗಳ ತಲೆಯೇ ಗೆದ್ದಲು ತಿಂದಂತೆ ಕರಗಿತ್ತು.

"ಎಷ್ಟು ಕಿಲುಬು ಹಿಡಿದಿತ್ತು ನೋಡಿ. ಎಲ್ಲಾ ತೊಳೆದಿಟ್ಟೆ," ಎಂದಳು ಹೆಂಡತಿ, ದೊಡ್ಡ ಕೆಲಸ ಮುಗಿಸಿದ ಸಂತೋಷದಲ್ಲಿ.

ಮೇಷ್ಟ್ರು ಬಾಯಿಗೆ ಬಂದಂತೆ ಬೈದರು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಷ್ಟು ಜೋರಾಗಿ. ಯಾಕೆ ಬೈಸಿಕೊಳ್ಳುತ್ತಿದ್ದೇನೆಂದು ತಿಳಿಯದೆ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಹಿಡಿದೆಳೆದು ನೋಡಿದರೆ ಬೆರಳ ತುದಿಗಳು ಬೆಂದು ಸಿಪ್ಪೆ ಏಳುತ್ತಿದ್ದವು. ಮೇಷ್ಟ್ರು ನಲ್ಲಿ ತಿರುಗಿಸಿ, ಪಕ್ಕದ ಮನೆಯವರು ಹೇಳಿಕಳಿಸಿ ಮಗಳು ಓಡಿ ಬರುವವರೆಗೂ ಆ ಕೈಗಳನ್ನು ನೀರಿನಡಿ ಹಿಡಿದುಕೊಂಡೇ ಇದ್ದರು.

ಆಮೇಲೆ ಅವರು ಬೆಲೆ ಹೇಳುವುದನ್ನು ಬಿಟ್ಟರು. ಬಂದವರನ್ನು ಬಾಗಿಲಲ್ಲೇ ಕಳಿಸಿದರು. ಮುಖ ಬೋಳಿಸಿಕೊಳ್ಳುವುದೂ ಬೇಡವಾಯಿತು. ಗಡ್ಡ ಬೆಳೆಯಿತು. ಬೆಳೆದಂತೆ ಹೆಂಡತಿ ಅವರನ್ನು ಕಂಡರೆ ಗೋಡೆಗೆ ಒತ್ತಿಕೊಳ್ಳತೊಡಗಿದಳು. ತಟ್ಟೆ ಮುಂದಿಟ್ಟರೆ ಬಾಯಿ ಬಿಗಿಹಿಡಿಯುತ್ತಿದ್ದಳು.

"ಅಪ್ಪಾ, ಅಮ್ಮ ನಿನ್ನ ಗಡ್ಡಕ್ಕೆ ಹೆದರ್ತಿದಾಳೆ. ತೆಗೆದುಬಿಡು," ಎಂದಳು ಮಗಳು.

ಹಾಳಾದವುಗಳಲ್ಲೇ ಒಂದನ್ನು ಆರಿಸಿ ಬ್ಲೇಡು ಹಾಕಿದರು. ತಿರುಪು ಕರಗಿದ್ದರಿಂದ ಬ್ಲೇಡು ಬಿಗಿಯಾಗಿ ಕೂರಲಿಲ್ಲ. ಗದ್ದ ಎರಡು ಕಡೆ ಕೊಯ್ದಿತು. ರಕ್ತ ಒತ್ತಿಹಿಡಿದು, ಒಗೆದ ಅಂಗಿ ತೊಟ್ಟು, ತಲೆ ಬಾಚಿ ಹೆಂಡತಿಯ ಎದುರು ಹೋಗಿ ನಿಂತರು. ಅವಳು ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ಹೆದರಿಕೆ ಇರಲಿಲ್ಲ. ಮೇಷ್ಟ್ರಿಗೆ ಜೀವ ಬಂದಂತಾಯಿತು.

ಅವಳು ಸೆರಗು ಸರಿಮಾಡಿಕೊಂಡು ಕುರ್ಚಿ ತೋರಿಸಿದಳು. "ನಮ್ಮನೆಯವರು ಆಚೆ ಹೋಗಿದಾರೆ. ಇನ್ನೇನು ಬರ್ತಾರೆ, ಕೂತಿರಿ."

ಅವರು ಕೂತರು. ಅಂದಿನಿಂದ ಅವರು ಬಡಿಸಿದ್ದನ್ನು ಅವಳು ಉಣ್ಣುತ್ತಾಳೆ, ಪರರ ಮನೆಯಲ್ಲಿ ಉಂಡಂತೆ ಸಂಕೋಚದಿಂದ. ಸಂಜೆಯಾದರೆ ಗಂಡ ಇನ್ನೂ ಬರಲಿಲ್ಲವೆಂದು ಅಳುತ್ತಾಳೆ. ಸಮಾಧಾನ ಮಾಡಲು ಮೇಷ್ಟ್ರು ಹತ್ತಿರ ಹೋದರೆ ದೂರ ಸರಿಯುತ್ತಾಳೆ. ಬೇರೆ ಗಂಡಸು ಮೈ ಮುಟ್ಟುವುದು ಅವಳಿಗೆ ಸರಿಬರುವುದಿಲ್ಲ.