ಅರಿಶಿನದ ಡಬ್ಬಿಯ ಅಳು

ಗಾಳಿ, ಸೋಂಕು ಎಂದವರನ್ನು ಕಂಡರೆ ನಗುತ್ತಿದ್ದ ಮನುಷ್ಯ ನಾನು. ನನ್ನಜ್ಜಿ ಅಂಥ ಕತೆ ಬೇಕಾದಷ್ಟು ಹೇಳಿದ್ದಳು. ಅವಳಿಂದ ಮಾತು ಕಲಿತೆ, ನಂಬಿಕೆ ಕಲಿಯಲಿಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನನ್ನ ಕೆಲಸ ದೊಡ್ಡದೇನಲ್ಲ. ಚಾಮರಾಜನಗರ ಸೀಮೆಯ ಊರುಗಳನ್ನು ಸುತ್ತಿ, ಮಣ್ಣು, ನೀರು, ಧೂಳು ಕಟ್ಟಿಕೊಂಡು ಮೈಸೂರಿನ ಒಂದು ಪ್ರಯೋಗಾಲಯಕ್ಕೆ ಮುಟ್ಟಿಸುವುದು. ಅದರೊಳಗಿನ ಸೀಸ ಎಲ್ಲಿಯದೆಂದು ಅಲ್ಲಿ ಪತ್ತೆ ಮಾಡುತ್ತಾರೆ. ಸೀಸದಲ್ಲಿ ತುಸು ಹಗುರದ್ದು, ತುಸು ಭಾರದ್ದು ಅಂತ ಕೆಲವು ಬಗೆಯ ಪರಮಾಣುಗಳಿರುತ್ತವಂತೆ. ಒಂದೊಂದು ಗಣಿಯ ಸೀಸದಲ್ಲಿ ಅವು ಬೆರೆತ ಪಾಲು ಒಂದೊಂದು ಥರ. ಕರಗಿಸಿದರೂ, ಬಣ್ಣ ಮಾಡಿದರೂ, ಕಡೆಗೆ ರಕ್ತಕ್ಕೇ ಸೇರಿದರೂ ಆ ಪಾಲು ಹಾಗೇ ಉಳಿಯುತ್ತದೆ. ಮನುಷ್ಯ ಹುಟ್ಟಿದೂರು ಮರೆತಾನು, ಸೀಸ ಮರೆಯದು.

ಕೆಲವು ವರ್ಷದ ಹಿಂದೆ ಹಂಗಳದ ಒಂದು ಮನೆಗೆ ಹೋಗಬೇಕಾಯಿತು. ನಾಲ್ಕು ವರ್ಷದ ಹುಡುಗಿ ಗೌರಿ. ಹೊಟ್ಟೆನೋವು, ಊಟ ಸೇರದು, ಆಡುವ ಮಗು ಗೋಡೆಗೊರಗಿ ಕೂತುಬಿಟ್ಟಿತ್ತು. ರಕ್ತದಲ್ಲಿ ಸೀಸ ಸೇರಿದೆ ಎಂದಿದ್ದರು ಆಸ್ಪತ್ರೆಯವರು. ಎಲ್ಲಿಂದ ಎಂದು ತಿಳಿಯದೆ ಅದನ್ನು ನಿಲ್ಲಿಸುವುದು ಹೇಗೆ? ದಿನದಿನಕ್ಕೂ ಮಗು ಸೊರಗುತ್ತಿತ್ತು.

ಊರವರು ಆಗಲೇ ತೀರ್ಪು ಕೊಟ್ಟಾಗಿತ್ತು. ಗುಂಡ್ಲುಪೇಟೆಯಿಂದ ಬಂದು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ರಹೀಂ ಸಾಬರು ತವರಕ್ಕೆ ಸೀಸ ಬೆರೆಸಿದ್ದಾರೆಂದು ಅವರನ್ನು ಬೀದಿಗೇ ಬಿಡುತ್ತಿರಲಿಲ್ಲ. ಕೆಲವರು ಮಾತ್ರ ಊರಾಚೆ ಹಳೇ ಬ್ಯಾಟರಿ ಒಡೆಯುವ ಶೆಡ್ಡಿನ ಕಡೆ ಕೈ ತೋರಿಸುತ್ತಿದ್ದರು.

ಅವತ್ತು ಬೆಳಿಗ್ಗೆ ಮೊದಲು ಸಾಬರ ಮನೆಗೆ ಹೋದೆ. ಅವರು ತವರದ ಕಡ್ಡಿಯೊಂದನ್ನು ನನ್ನ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ಕಿರ್ರ್ ಎಂದಿತು. "ಅಳ್ತದೆ ಕೇಳಿ ಸ್ವಾಮಿ. ಸೀಸಕ್ಕೆ ಅಳಾಕ್ ಬರಾಕಿಲ್ಲ" ಎಂದರು. ನನಗದು ಹೊಸದಲ್ಲ. ನನ್ನಜ್ಜಿಯೂ ಕಲಾಯಿಯವನು ಬಂದರೆ ಕಡ್ಡಿ ಕಿವಿಗಿಟ್ಟು ಬಗ್ಗಿಸದೆ ಪಾತ್ರೆ ಕೊಟ್ಟವಳಲ್ಲ. ಆದರೆ ತುಸುವೇ ಬೆರಕೆಯಿದ್ದರೆ ಕಿವಿಗೆ ಗೊತ್ತಾಗದು. ಕಡ್ಡಿಯನ್ನು ಮೈಸೂರಿಗೆ ಹೊರಟಿದ್ದ ಜೀಪಿಗೆ ಕೊಟ್ಟು ಹಂಗಳದ ಬಸ್ ಹತ್ತಿದೆ.

ಶೆಡ್ಡಿನ ಮಣ್ಣು ತುಂಬಿಕೊಂಡು ಆ ಮನೆ ಜಗಲಿಗೆ ಬರುವಾಗ ಇಳಿಬಿಸಿಲು. ನಡೆದು ನಡೆದು ಬಳಲಿದ್ದೆ. ಗೌರಿಯ ಅಜ್ಜಿ ಸಣ್ಣಮ್ಮ ನನ್ನ ಚೀಲ ನೋಡಿ, "ಇನ್ನೂ ಎಷ್ಟ್ ಮಣ್ಣ ಹೊತ್ತೀಯಪ್ಪ? ಊರೇ ಖಾಲಿಯಾಯ್ತದೆ ಕಣ" ಎಂದು ನಗಾಡಿ ಒಳಗೆ ಹೋದರು.

ಆಗ ಕೇಳಿಸಿತು. ಕಿರ್ರ್. ಬೆಳಿಗ್ಗೆ ಕೇಳಿದ್ದ ಅದೇ ಸದ್ದು, ನನ್ನ ಕಿವಿಯ ಮಗ್ಗುಲಲ್ಲೇ. ತಿರುಗಿದೆ, ಯಾರೂ ಇಲ್ಲ. ಒಳಗೆ ಸಣ್ಣಮ್ಮ ಒಲೆಯ ಮುಂದೆ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದಿದ್ದರು. ಮುಚ್ಚಿದರು, ಸದ್ದು ನಿಂತಿತು. ಮತ್ತೆ ತೆಗೆದರು, ಮತ್ತೆ ಕಿರ್ರ್. ಬಳಲಿಕೆಗೆ ಕಿವಿ ಗುಂಯ್‌ಗುಡುತ್ತಿದೆ ಎಂದುಕೊಳ್ಳುವಷ್ಟರಲ್ಲಿ, ಗೋಡೆಗೊರಗಿದ್ದ ಗೌರಿ ಅಂಗೈಯಿಂದ ಕಿವಿ ಮುಚ್ಚಿಕೊಂಡಿತು.

"ಅಜ್ಜೀ, ಅಳ್ತದೆ."

"ಯಾರೂ ಅಳ್ತಿಲ್ಲ ಕಣಮ್ಮಿ. ಹಾಲ್ ಕುಡಿ ಅಂದ್ರೆ ನೀನೇ ಅಳೋದು" ಎಂದರು ಸಣ್ಣಮ್ಮ.

ನಿಮಗೇನೂ ಕೇಳಿಸಲಿಲ್ಲವೇ ಎಂದೆ. "ಬೆಳಗ್ಗಿಂದ ಉಂಡಿಲ್ವೇನೋ, ನಿನ್ ಹೊಟ್ಟೆ ಇರ್ಬೇಕು" ಎಂದು ನನಗೂ ಒಂದು ಲೋಟ ತಂದರು. ಅರಿಶಿನ ಹಾಕಿದ ಹಾಲು.

ಆ ಅರಿಶಿನ ಒಂದು ಚಮಚ ಕೊಡಿ ಎಂದಾಗ ಅವರಿಗೆ ಬೇಸರವೇ ಆಯಿತು. "ಅದು ಅಂಗ್ಡೀದಲ್ಲ ಕಣಪ್ಪ, ನಮ್ಮೊಲ್ದು!" ನಿಜ. ಅವರೇ ಕಿತ್ತು, ಬೇಯಿಸಿ, ಒಣಗಿಸಿದ್ದು. ಪುಡಿ ಮಾಡುವ ಮೊದಲು ಕೊಂಬಿಗೆ ಹೊಳಪು ಕೊಡಿಸಲು ಮಾತ್ರ ಊರಿಗೆ ಬಂದ ಪಾಲಿಶ್ ಡ್ರಮ್ಮಿಗೆ ಹಾಕಿಸಿದ್ದರು. ಸ್ವಂತ ಹೊಲದ ಅರಿಶಿನದ ಮೇಲೆ ಯಾರಿಗೆ ಅನುಮಾನ? ಮಗು ಬಳಲಿದಷ್ಟೂ ಹಾಲಿಗೆ ಅರಿಶಿನ ಹೆಚ್ಚಾಗುತ್ತಿತ್ತು. ನಾನು ತರಬೇಕಾದ ವಸ್ತುಗಳಲ್ಲೂ ಅದಿರಲಿಲ್ಲ. ಆ ಸದ್ದೊಂದರ ಮೇಲೆ ತೆಗೆದುಕೊಂಡೆ. ಮೈಸೂರಿನಿಂದ ತಿಳಿಸುವ ತನಕ ಆ ಹಾಲು ಕೊಡಬೇಡಿ ಎಂದು ಕೈ ಮುಗಿದು ಬಂದೆ.

ಮೈಸೂರಿನಿಂದ ಉತ್ತರ ಬಂತು. ಶೆಡ್ಡಿನ ಮಣ್ಣಿನಲ್ಲಿ ಸೀಸ ಇತ್ತು, ಸಾಬರ ತವರದಲ್ಲೂ ಚೂರು ಇತ್ತು. ಎರಡೂ ಬೇರೆ ಗಣಿಯವು. ಮಗುವಿನ ರಕ್ತದ್ದಕ್ಕೆ ಹೊಂದಿದ್ದು ಅರಿಶಿನದ ಸೀಸ. ಪಾಲಿಶ್ ಮಾಡುವಾಗ ಮೆರುಗಿಗೆಂದು ಬೆರೆಸಿದ ಹಳದಿ ಬಣ್ಣದಲ್ಲಿ ಅದಿತ್ತು.

ಮಗು ನಿಧಾನಕ್ಕೆ ಉಣ್ಣತೊಡಗಿತು. ಸಣ್ಣಮ್ಮನೇ ಸಾಬರ ಮನೆಗೆ ಹೋಗಿ ಕಲಾಯಿಗೆ ಪಾತ್ರೆ ಕೊಟ್ಟು ಬಂದರು. ಆದರೆ ನನ್ನೆದುರು ಕೂತಾಗ, "ನಾನೇ ಕುಡುಸ್ದೆ ಕಣಪ್ಪ, ನನ್ ಕೈಯಾರೆ" ಎಂದರು. ಅಂಥ ಮಾತು ಕೇಳಿ ಕೇಳಿಯೇ ಈ ಕೆಲಸದಲ್ಲಿ ನಾನು ಬಳಲಿದ್ದು.

ಅರಿಶಿನ ಯಾಕೆ ತಂದೆ ಎಂದು ಪ್ರಯೋಗಾಲಯದಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಅಳುವುದು ತವರ, ಸೀಸಕ್ಕೆ ಅಳು ಬಾರದು. ಆ ಡಬ್ಬಿಯಲ್ಲಿ ತವರ ಇರಲಿಲ್ಲ. ಹಾಗಾದರೆ ಅತ್ತದ್ದೇನು?

ಮೊನ್ನೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಣ್ಣಮ್ಮ ಸಿಕ್ಕರು. ಜೊತೆಗೆ ಗೌರಿ, ಸ್ಕೂಲ್ ಬ್ಯಾಗಿನ ಭಾರಕ್ಕೆ ವಾಲಿಕೊಂಡು. ಅಜ್ಜಿ ಬಸ್ಸಿನ ಬೋರ್ಡು ನೋಡಲು ಮುಂದೆ ಹೋದಾಗ ನನ್ನ ಅಂಗಿ ಜಗ್ಗಿದಳು.

"ತಾತ, ಅವತ್ತು ನಿಂಗೂ ಕೇಳುಸ್ತು ಅಲ್ವಾ?"

ಹೂಂ ಎಂದೆ.

"ನಂಗೆ ದಿನಾ ಕೇಳುಸ್ತಿತ್ತು" ಎಂದಳು. "ಯೋಳುದ್ರೆ ಯಾರೂ ನಂಬ್ತಿರ್ಲಿಲ್ಲ."