ಅಮ್ಮನ ವಿಚಾರಣೆ

ಮಗಳು ಕಾಲೇಜಿನಲ್ಲಿ ಅಪರಾಧಶಾಸ್ತ್ರ ಓದುತ್ತಿದ್ದಳು. ಮಾರನೇ ದಿನ ಆರೋಪಿಯನ್ನು ಪ್ರಶ್ನಿಸುವ ಪರೀಕ್ಷೆಯಿತ್ತು. ಅಭ್ಯಾಸಕ್ಕೆಂದು, ಪಾತ್ರೆ ತಿಕ್ಕುತ್ತಿದ್ದ ಅಮ್ಮನನ್ನು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿದಳು.

"ನಿನ್ನೆ ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆ?"

ಅಮ್ಮನ ಮುಖ ಬಿಳಿಚಿಕೊಂಡಿತು. "ತರಕಾರಿ ಅಂಗಡಿಗೆ. ಯಾರ ಹತ್ರಾನೂ ಮಾತಾಡ್ಲಿಲ್ಲ, ಸೀದಾ ಬಂದೆ. ಬೇಕಾದ್ರೆ ಅಂಗಡಿಯವಳನ್ನೇ ಕೇಳಿ ನೋಡ್ರೀ."

"ಅಮ್ಮಾ, ನಾನು ಕಣೇ! ಇದು ಬರೀ ಪಾಠ."

ಪೇಪರ್ ಓದುತ್ತಿದ್ದ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟು ಮೆತ್ತಗೆ ಕೇಳಿದ್ರೆ ಯಾರು ಬಾಯಿ ಬಿಡ್ತಾರೆ? ಜರುಗು, ನಾನು ಕೇಳೋದನ್ನ ನೋಡಿ ಕಲಿ."

ಮಗಳು ಜರುಗುವ ಮೊದಲೇ ಅಮ್ಮ ಎದ್ದು, ಗೋಡೆಗೆ ಅಂಟಿಕೊಂಡು, ತಲೆ ತಗ್ಗಿಸಿ ನಿಂತಳು.

ಪರೀಕ್ಷೆಯ ಕೋಣೆಯಲ್ಲಿ ಸಹಪಾಠಿಯೊಬ್ಬಳು ಆರೋಪಿಯಾಗಿ ಎದುರು ಕೂತಾಗ, ಮಗಳ ಬಾಯಿಂದ ಒಂದು ಪ್ರಶ್ನೆಯೂ ಹೊರಡಲಿಲ್ಲ.