ಬೇಡ ಅನ್ನಿಸಿಕೊಳ್ಳಲು ಸಿರುಗುಪ್ಪಕ್ಕೆ ಹೋದದ್ದು

ಸಮುದ್ರ ದಾಟಿದವನೆಂದು ಬಳ್ಳಾರಿಯಲ್ಲಿ ನನಗೆ ಸ್ವಲ್ಪ ಹೆಸರಿದೆ. ಹೊಸಬರು ಯಾರಾದರೂ ಸಿಕ್ಕರೆ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರಂಗೂನಿಗೆ ಹೋದ ಧೈರ್ಯಸ್ಥರು ಇವರೇ ಎಂದು ನನ್ನನ್ನು ತೋರಿಸುತ್ತಾರೆ. ನಾನು ಶಲ್ಯ ಸರಿಪಡಿಸಿಕೊಂಡು ಸುಮ್ಮನಿರುತ್ತೇನೆ. ಅದನ್ನು ಜನ ವಿನಯವೆಂದು ತಿಳಿದಿದ್ದಾರೆ. ನಿಜ ಹೇಳಿಬಿಡುತ್ತೇನೆ: ರಂಗೂನಿಗೆ ಹೋಗುವ ಇರಾದೆ ನನಗೆ ಒಂದು ಗಳಿಗೆಯೂ ಇರಲಿಲ್ಲ. ಬೇಡ ಎನ್ನುವ ಧೈರ್ಯ ಸಾಲದೆ ನಾನು ಸಮುದ್ರ ದಾಟಿದೆ.

ಆಗ ನಾನೊಬ್ಬ ಗುಮಾಸ್ತ. ಬರ್ಮಾ ದೇಶವೆಲ್ಲ ಇಂಗ್ಲಿಷರ ಕೈಗೆ ಬಂದು, ಅಲ್ಲಿ ಹೊಸ ಹೊಸ ಕಚೇರಿಗಳು ಏಳುತ್ತಿದ್ದ ಕಾಲ. ಒಂದು ದಿನ ನಮ್ಮ ಕಚೇರಿಯ ಇಂಗ್ಲಿಷ್ ದೊರೆ ತನ್ನ ಕೋಣೆಯಿಂದ ಹೊರಗೆ ಬಂದು, ರಂಗೂನಿಗೆ ಒಬ್ಬ ಪಳಗಿದ ಗುಮಾಸ್ತ ಬೇಕು, ಯಾರು ಹೋಗುತ್ತೀರಿ ಎಂದು ಕೇಳಿದ. ಎಲ್ಲರೂ ತಮ್ಮ ತಮ್ಮ ಮಸಿಕುಡಿಕೆಯೊಳಗೆ ಏನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡತೊಡಗಿದರು. ನಾನು ಎದ್ದು ನಿಂತೆ. ಹಿಂದಿನ ದಿನ ಆ ದೊರೆ ಪಕ್ಕದ ಮೇಜಿನವನ ಅಕ್ಷರವನ್ನು ಹೊಗಳಿದ್ದ. ನಾನು ಎದ್ದುನಿಲ್ಲಲು ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಎದ್ದು ನಿಲ್ಲುವಾಗಲೇ ಮತ್ತೆ ಕೂತುಕೊಳ್ಳುವ ದಾರಿಯನ್ನೂ ನೋಡಿಟ್ಟುಕೊಂಡಿದ್ದೆ. “ಮನೆಯಲ್ಲಿ ಒಪ್ಪುತ್ತಿಲ್ಲ” ಎಂಬ ಮಾತು ಗಂಡಸರಿಗೆ ದೇವರು ಕೊಟ್ಟ ವರ. ಅದರಲ್ಲಿ ಸುಳ್ಳೂ ಇಲ್ಲ, ನಾಚಿಕೆಯೂ ಇಲ್ಲ. ಕೇಳಿದವನು, ದೊರೆಯೇ ಆಗಲಿ, ಅಯ್ಯೋ ಪಾಪ ಎನ್ನುತ್ತಾನೆ. ಎರಡು ದಿನ ಬಿಟ್ಟು ಆ ಮಾತು ಹೇಳಿದರೆ ಧೈರ್ಯಸ್ಥನೆಂಬ ಹೆಸರು ಉಳಿಯುತ್ತದೆ, ಬಳ್ಳಾರಿಯೂ ಉಳಿಯುತ್ತದೆ.

ಬ್ರೂಸ್‌ಪೇಟೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ನಾನು ಹೋದಾಗ ನನ್ನ ಹೆಂಡತಿ ಸೀತಾಬಾಯಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸುದ್ದಿಯನ್ನು ಆದಷ್ಟು ಭಯಂಕರವಾಗಿ ಹೇಳಿದೆ. ನಾಲ್ಕು ದಿನ ಕಣ್ಣಿಗೆ ನೆಲ ಬೀಳುವುದಿಲ್ಲ, ಹತ್ತಿದವರೆಲ್ಲ ವಾಂತಿ ಮಾಡುತ್ತಾರೆ, ಆ ದೇಶದವರು ಕೊಳೆಸಿದ ಮೀನು ತಿನ್ನುತ್ತಾರಂತೆ ಎಂದೆ. ಅವಳು ಒಂದು ಕಲ್ಲು ಹೆಕ್ಕಿ ಹೊರಗೆಸೆದು ಕೇಳಿದಳು:

“ಮಕ್ಕಳನ್ನ ಕರಕೊಂಡು ಹೋಗ್ಲಿಕ್ಕೆ ಬರ್ತದೇನು?”

ಬರುತ್ತದೆ ಎಂದೆ. ಸುಳ್ಳು ಹೇಳಬೇಕಾದ ಕಡೆ ನಿಜ ಹೇಳುವುದು ನನ್ನ ಹಳೆಯ ದೋಷ.

“ಹಂಗಾದ್ರ ಹೋಗೋಣ,” ಎಂದು ಅವಳು ಮತ್ತೆ ಮೊರದ ಕಡೆ ತಿರುಗಿದಳು.

ನಮಗೆ ಮೂವರು ಮಕ್ಕಳು. ರುಕ್ಮಿಣಿಗೆ ಒಂಬತ್ತು, ರಾಘವನಿಗೆ ಆರು, ಗೋದಾವರಿಗೆ ಎರಡೂವರೆ. ಮರುದಿನ ಬೆಳಗಾಗುವುದರೊಳಗೆ ರಾಘವ ಪೇಟೆಗೆಲ್ಲ ಸಾರಿಬಿಟ್ಟಿದ್ದ. ಕಿರಾಣಿ ಅಂಗಡಿಯವನು ಬರುವಾಗ ಒಂದು ತೇಗದ ಪೆಟ್ಟಿಗೆ ತನ್ನಿ ಎಂದ. ಎದುರು ಮನೆಯವರು ಸಾವಿನ ಮನೆಗೆ ಬಂದವರಂತೆ ಬಂದು, ಮಾತಾಡದೆ ಕೂತು ಎದ್ದುಹೋದರು. ಅವರ ಮೇಲೆ ನನಗೆ ತುಂಬ ಅಭಿಮಾನ ಹುಟ್ಟಿತು.

ಉಳಿದ ಆಸೆಯೆಂದರೆ ಸಿರುಗುಪ್ಪ. ಅಲ್ಲಿ ಸೀತೆಯ ಅಣ್ಣ ವೆಂಕಣ್ಣಾಚಾರ್ಯರು ಇದ್ದರು. ಶಾಸ್ತ್ರ ಬಲ್ಲವರು, ಮಡಿಯಲ್ಲಿ ಬಿಗಿ. ಅವರ ಮಗ ಗುರುರಾಜನಿಗೆ ನಮ್ಮ ರುಕ್ಮಿಣಿಯನ್ನು ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಬರುವ ಬೇಸಿಗೆಗೆ ಮದುವೆ. ಅತ್ತಿಗೆಗೆ ಸದಾ ಕಾಯಿಲೆಯಾದ್ದರಿಂದ, ಮದುವೆಯಾದ ಕೂಡಲೇ ಹುಡುಗಿ ಅಲ್ಲೇ ಉಳಿಯಬೇಕು, ಒಲೆಯ ಹತ್ತಿರ ಒಂದು ಕೈ ಬೇಕು ಎಂದು ಅವರು ಮೊದಲೇ ಹೇಳಿದ್ದರು. ಅಂಥವರು ಸಮುದ್ರಯಾನಕ್ಕೆ ಒಪ್ಪುವುದುಂಟೇ? ಹಿರಿಯರನ್ನು ಕೇಳದೆ ಹೋಗಬಾರದು ಎಂದೆ. ಹೌದು, ಕೇಳಲೇಬೇಕು ಎಂದಳು ಸೀತೆ. ಅಷ್ಟು ಬೇಗ ಒಪ್ಪಿದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಗಾಡಿ ಕಟ್ಟಿಸಿಕೊಂಡು ಹೊರಟೆವು. ಮಧ್ಯಾಹ್ನ ಕುರುಗೋಡಿನಲ್ಲಿ, ಪ್ರತಿ ವರ್ಷ ನಮ್ಮ ಮನೆಗೆ ಜೋಳ ಕಳಿಸುತ್ತಿದ್ದ ರೈತರ ಜಗಲಿಯಲ್ಲಿ ಇಳಿದೆವು. ಆ ಮನೆಯ ಯಜಮಾನಿ ಗೌರವ್ವ ಮಕ್ಕಳಿಗೆ ಮಜ್ಜಿಗೆ ಕೊಟ್ಟು, ರಾಘವನ ಬಾಯಿಂದ ರಂಗೂನಿನ ಸುದ್ದಿ ಕೇಳಿ, ರುಕ್ಮಿಣಿಯ ಜಡೆ ಹಿಡಿದು ನೋಡುತ್ತ, ಮಗಳನ್ನು ಎಲ್ಲಿಗೆ ಕೊಡುತ್ತೀರಿ ಎಂದು ವಿಚಾರಿಸಿದಳು. ಸಿರುಗುಪ್ಪಕ್ಕೆ ಎಂದೆ. ಹತ್ತಿರವೇ ಆಯಿತಲ್ಲ ಎಂದೂ ಸೇರಿಸಿದೆ.

“ನನ್ನ ಮಗಳನ್ನ ಬರೇ ಮೂರು ಹರದಾರಿ ದೂರ ಕೊಟ್ಟೀನ್ರಿ,” ಎಂದಳು ಗೌರವ್ವ. “ಎರಡು ವರ್ಷ ಆತು, ತವರಿಗೆ ಕಳಿಸಿಲ್ಲ. ಬರಾಕ ಬಿಡದಿದ್ರ ಮೂರು ಹರದಾರಿನೂ ಒಂದ, ನಿಮ್ಮ ರಂಗೂನೂ ಒಂದ.”

ಮುಂದಿನ ದಾರಿಯುದ್ದಕ್ಕೂ ಸೀತೆ ರುಕ್ಮಿಣಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಅದನ್ನು ಪ್ರಯಾಣದ ಆಯಾಸವೆಂದು ತಿಳಿದೆ. ಹದಿನೈದು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೆಂಡತಿಯ ಮೌನಕ್ಕೆಲ್ಲ ಒಂದೇ ಅರ್ಥ ಗೊತ್ತಿರುತ್ತದೆ.

ವೆಂಕಣ್ಣಾಚಾರ್ಯರು ನನ್ನನ್ನು ನಿರಾಶೆಗೊಳಿಸಲಿಲ್ಲ. ಮಾತು ಮುಗಿಯುವ ಮೊದಲೇ ಕಿವಿ ಮುಚ್ಚಿಕೊಂಡರು. ಅವರ ಬೇಡವನ್ನು ಇನ್ನಷ್ಟು ಗಟ್ಟಿಮಾಡಲು ನಾನು ಮೆಲ್ಲಗೆ ವಾದ ಹೂಡಿದೆ: ಹನುಮಂತದೇವರೇ ಸಮುದ್ರ ದಾಟಲಿಲ್ಲವೇ? ಅವರು ಹಾರಿ ಹೋದರು, ನೀರು ಮುಟ್ಟಲಿಲ್ಲ ಎಂದರು ಆಚಾರ್ಯರು. ರಾಮದೇವರು? ಸೇತುವೆ ಕಟ್ಟಿ ನಡೆದು ಹೋದರು. ಹಡಗು ಹತ್ತಿ, ಕಂಡವರ ಮಗ್ಗುಲಲ್ಲಿ ಕೂತು ಅನ್ನ ಉಣ್ಣಲಿಲ್ಲ. ಒಳಗಿನಿಂದ ಸೀತೆ, ಹನುಮಂತದೇವರಿಗೆ ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ, ಅದಕ್ಕೇ ಬೇಗ ಹೋಗಿಬಂದರು ಎಂದಳು. ಆಚಾರ್ಯರು ನಗಲಿಲ್ಲ. ತಂಗಿಯನ್ನು ಹೊರಗೆ ಕರೆದರು.

“ನೋಡು ಸೀತಿ, ಸಮುದ್ರ ದಾಟಿದ ಮನಿಯಿಂದ ಹೆಣ್ಣು ತರ್ಲಿಕ್ಕೆ ನನಗ ಬರೂದಿಲ್ಲ. ಹೋಗ್ತೀರಿ ಅಂದ್ರ ಈ ಸಂಬಂಧ ಇಲ್ಲಿಗೆ ಮುಗೀತು.”

ಗೆದ್ದೆ ಎಂದುಕೊಂಡೆ. ಹುಟ್ಟಿದ ಮನೆಯನ್ನು ಬಿಟ್ಟು ಯಾವ ಹೆಣ್ಣು ಹಡಗು ಹತ್ತುತ್ತಾಳೆ? ದೊರೆಯ ಮುಂದೆ ಹಾಕಬೇಕಾದ ಮುಖವನ್ನು ಆಗಲೇ ತಯಾರು ಮಾಡಿಕೊಳ್ಳುತ್ತಿದ್ದೆ. ಸೀತೆ ಕಂಬ ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರಿತ್ತು, ಅದು ನಟನೆಯಾಗಿರಲಿಲ್ಲ. ಆಮೇಲೆ ಬಗ್ಗಿ ಅಣ್ಣನ ಕಾಲು ಮುಟ್ಟಿ ನಮಸ್ಕರಿಸಿದಳು.

“ನೀ ಹೇಳಿದಂಗ ಆಗ್ಲಿ, ಅಣ್ಣಾ. ಮುಗೀತು.”

ಆಚಾರ್ಯರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಆ ಕ್ಷಣ ಇಡೀ ಸಿರುಗುಪ್ಪದಲ್ಲಿ ನಮ್ಮಿಬ್ಬರಷ್ಟು ಒಂದೇ ಮನಸ್ಸಿನವರು ಬೇರೆ ಯಾರೂ ಇದ್ದಿರಲಾರರು.

ಮರಳುವಾಗ, ಗದ್ದೆಬಯಲು ದಾಟಿ ಕಪ್ಪು ನೆಲ ಶುರುವಾದ ಮೇಲೆ, ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಮಕ್ಕಳು ನಿದ್ದೆಹೋಗಿದ್ದರು.

“ನನಗ ಒಂಬತ್ತಕ್ಕ ಮದುವಿ ಆತು,” ಎಂದಳು. “ಹನ್ನೊಂದಕ್ಕ ನಿಮ್ಮ ಮನಿ ಒಲಿ ಮುಂದ ಕೂತೆ. ನಮ್ಮವ್ವನ ಮುಖ ಹೆಂಗಿತ್ತಂತ ಈಗ ಸರಿಯಾಗಿ ನೆನಪಿಲ್ಲ. ಅಣ್ಣಗ ನಾನಾಗಿ ಬ್ಯಾಡ ಅಂದ್ರ ತವರು ಮುರದವಳು ಅಂತಾರ. ಅವನೇ ಬ್ಯಾಡ ಅಂದ. ಇನ್ನೊಂದು ನಾಕು ವರ್ಷ ಹುಡುಗಿ ನನ್ನ ಹತ್ರ ಇರ್ತಾಳ.”

ಅಂದರೆ ಆ ಗಾಡಿಯಲ್ಲಿ ಬೇಡ ಅನ್ನಿಸಿಕೊಳ್ಳಲೆಂದೇ ಸಿರುಗುಪ್ಪಕ್ಕೆ ಹೊರಟವರು ಇಬ್ಬರಿದ್ದೆವು. ಅನ್ನಿಸಿಕೊಂಡು ಬಂದವಳು ಒಬ್ಬಳೇ. ನನಗೆ ನಾಚಿಕೆಯಾಯಿತು. ನನ್ನ ಕಥೆಯನ್ನೂ ಅಂದೇ ಹೇಳಿಬಿಟ್ಟೆ. ಅವಳು ಬಯ್ಯಲಿಲ್ಲ, ಗೊತ್ತಿತ್ತು ಎಂದಳು ಅಷ್ಟೇ.

ಹೋದೆವು. ಮದರಾಸಿನಲ್ಲಿ ಹಡಗು ಹತ್ತಿದೆವು. ನಾನು ಹೇಳಿದ ಭಯಂಕರಗಳಲ್ಲಿ ವಾಂತಿಯೊಂದು ನಿಜವಾಯಿತು, ಅದೂ ನನಗೊಬ್ಬನಿಗೇ. ರಂಗೂನಿನಲ್ಲಿ ರುಕ್ಮಿಣಿ ಸಾಲೆಗೆ ಹೋದಳು, ತಾಯಿಯ ಮಗ್ಗುಲಲ್ಲೇ ಮಲಗಿದಳು, ತಾಯಿಯ ಹೆಗಲ ಮಟ್ಟಕ್ಕೆ ಬೆಳೆದಳು. ಸಿರುಗುಪ್ಪದಿಂದ ಒಂದು ಸಾಲು ಕಾಗದ ಬರಲಿಲ್ಲ. ಆದರೆ ಪ್ರತಿ ಯುಗಾದಿಗೆ ಅಂಚೆಯಲ್ಲಿ ಪಂಚಾಂಗ ಬರುತ್ತಿತ್ತು, ಏಕಾದಶಿಗಳಿಗೆ ಆಚಾರ್ಯರ ಕೈಯಿಂದಲೇ ಗುರುತು ಹಾಕಿ. ರಂಗೂನಿನ ಸೂರ್ಯ ಸಿರುಗುಪ್ಪದ ಪಂಚಾಂಗಕ್ಕೆ ಕಾಯದೆ ಮೊದಲೇ ಹುಟ್ಟಿಬಿಡುತ್ತಿದ್ದ. ಸೀತೆ ಮಾತ್ರ ಐದು ವರ್ಷವೂ ಅಣ್ಣ ಗುರುತು ಹಾಕಿದ ದಿನವೇ ಉಪವಾಸ ಮಾಡಿದಳು.

ಅಲ್ಲಿ ಹೇಳುವವರು ಕೇಳುವವರು ಕಡಿಮೆ. ಹುಡುಗಿಯ ವಯಸ್ಸು ಎಷ್ಟೆಂದು ಯಾರಾದರೂ ವಿಚಾರಿಸಿದರೆ ನಾನು ಎರಡು ವರ್ಷ ಇಳಿಸಿ ಹೇಳುತ್ತಿದ್ದೆ. ಕೊನೆಗೆ ಆದವಾನಿಯ ಕಡೆಯ ಒಬ್ಬ ಹುಡುಗ, ತಂತಿ ಕಚೇರಿಯಲ್ಲಿದ್ದವನು, ತಾನಾಗಿ ಬಂದು ಕೇಳಿದ. ಮದುವೆಯಾಯಿತು. ಅವನಿಗೆ ಮಂಡಾಲೆಗೆ ವರ್ಗವಾಗಿ, ರುಕ್ಮಿಣಿ ರೈಲು ಹತ್ತಿದಳು.

ಮನೆಗೆ ಬಂದ ಮೇಲೆ ಸಮಾಧಾನ ಹೇಳೋಣವೆಂದು, ನೀನು ನಾಲ್ಕು ಬೇಡಿದ್ದೆ, ಐದು ವರ್ಷ ಸಿಕ್ಕಿತಲ್ಲ ಎಂದೆ. ಸೀತೆ ಮಗಳು ಬಿಟ್ಟುಹೋದ ಹಳೆಯ ಲಂಗವನ್ನು ಮಡಿಸುತ್ತಿದ್ದಳು. ಸಾಕಾಗಲಿಲ್ಲ ಎಂದಳು. ಆಮೇಲೆ ಅಂಗಳದಲ್ಲಿ ಆಡುತ್ತಿದ್ದ ಗೋದಾವರಿಯನ್ನು ಸ್ವಲ್ಪ ಹೊತ್ತು ನೋಡಿ, “ಇವಳಿಗೆ ಏಳು ತುಂಬ್ತು. ರಂಗೂನಿನಿಂದ ಆಚಿ ಯಾವ ಊರು ಅದ?” ಎಂದು ಕೇಳಿದಳು.

ಪೆನಾಂಗು ಎಂದೆ.

“ಅಲ್ಲಿ ತೊಗರಿಬ್ಯಾಳಿ ಸಿಗ್ತದೇನು, ವಿಚಾರ ಮಾಡ್ಕೊಂಡು ಬರ್ರಿ,” ಎಂದಳು.